ಲಿನಕ್ಸ್ ಗಣಕಗಳಿಗೆ ವೈರಸ್ಸಿನ ಭಯವುಂಟೆ?

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ತಮ್ಮ ಮೇಜಿನ ಮೇಲಣ ಗಣಕದಲ್ಲಿ ನೆಲೆಗೊಳಿಸಿಕೊಂಡಿರುವವರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ವೈರಸ್ಸಿನ ಕಾಟವೆಂಬುದು ವಿಂಡೋಸ್ ಬಳಸುವವರ ಪಾಡು, ನಮಗೆ ಅದರ ಸೋಂಕಿಲ್ಲ ಎಂಬುದೇ ಆ ನಂಬಿಕೆ. ಹೊಸದಾಗಿ ಲಿನಕ್ಸಿಗೆ ಬರುವವನಿಗೆ ಹಳಬರು ಕೊಡುವ ಮೊದಲ ಅಭಯವೂ ಸಾಮಾನ್ಯವಾಗಿ ಇದೇ. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಉಂಟು. ಆದರೆ ಎಷ್ಟರ ಮಟ್ಟಿಗೆ ಉಂಟು, ಯಾವ ಕಾರಣದಿಂದ ಉಂಟು, ಆ ಕಾರಣಗಳು ಇಂದಿಗೂ ಹಾಗೆಯೇ ಉಳಿದಿವೆಯೇ ಎಂಬುದನ್ನು ವಿಚಾರಿಸದೆ ಅಭಯವನ್ನು ಮಾತ್ರ ನೆಚ್ಚಿ ಕುಳಿತುಕೊಳ್ಳುವುದು ಜಾಣತನವಲ್ಲ. ಇಂದು ಗಣಕದೊಳಗೆ ಇರುವುದು ಬರಿಯ ಪತ್ರವ್ಯವಹಾರವಲ್ಲ. ಬ್ಯಾಂಕಿನ ಕೀಲಿಕೈ, ಮಕ್ಕಳ ಭಾವಚಿತ್ರ, ಕಚೇರಿಯ ಗುಟ್ಟು, ಹತ್ತು ವರ್ಷಗಳ ಬರವಣಿಗೆ ಎಲ್ಲವೂ ಅದರಲ್ಲಿಯೇ ಇವೆ.

ಮೊದಲು ಒಂದೆರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಇನ್ನೊಂದು ಪ್ರೋಗ್ರಾಮಿನ ಕಡತದೊಳಗೆ ತನ್ನ ಪ್ರತಿಯನ್ನು ಸೇರಿಸಿ, ಆ ಪ್ರೋಗ್ರಾಮು ನಡೆದಾಗಲೆಲ್ಲ ತಾನೂ ನಡೆದು ಮತ್ತಷ್ಟು ಕಡತಗಳಿಗೆ ಹರಡುವಂಥದು ವೈರಸ್. ಯಾರ ಸಹಾಯವನ್ನೂ ಕಾಯದೆ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಹರಿದುಹೋಗುವಂಥದು ಹುಳು. ಉಪಯುಕ್ತ ವಸ್ತುವಿನ ವೇಷದಲ್ಲಿ ಬಂದು ಒಳಗೆ ಬೇರೆಯೇ ಕೆಲಸವನ್ನು ಮಾಡುವಂಥದು ಟ್ರೋಜನ್. ಜನರು ಇವೆಲ್ಲವನ್ನೂ ವೈರಸ್ ಎಂದೇ ಕರೆಯುವರಾದರೂ ಇವುಗಳ ಸಮಷ್ಟಿಗೆ ಕುತಂತ್ರಾಂಶ ಎಂಬ ಹೆಸರು ಹೆಚ್ಚು ಒಪ್ಪುತ್ತದೆ. ಈ ಭೇದ ಬರಿಯ ಪಾಂಡಿತ್ಯದ ಮಾತಲ್ಲ. ಲಿನಕ್ಸಿನಲ್ಲಿ ವೈರಸ್ ವಿರಳ, ಟ್ರೋಜನ್ ವಿರಳವಲ್ಲ ಎಂಬುದು ಮುಂದೆ ಸ್ಪಷ್ಟವಾಗುವುದು.

ಇಲ್ಲಿ ಇತಿಹಾಸದ ಒಂದು ವಿಡಂಬನೆಯನ್ನು ಗಮನಿಸಬೇಕು. ಲಿನಕ್ಸ್ ಹುಟ್ಟಿದ್ದು ೧೯೯೧ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಅದರ ರಚನೆಯ ಮಾದರಿ ಮಾತ್ರ ಹಳೆಯದು: ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮೊಳೆತ ಯೂನಿಕ್ಸ್. ವೈರಸ್ಸೆಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ ಮೊದಲ ಪ್ರಯೋಗ ನಡೆದದ್ದು ಈ ಯೂನಿಕ್ಸಿನ ಮೇಲೆಯೇ! ೧೯೮೩ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕ ಫ್ರೆಡ್ ಕೋಹೆನ್, ಯೂನಿಕ್ಸ್ ನಡೆಯುತ್ತಿದ್ದ ವ್ಯಾಕ್ಸ್ ೧೧/೭೫೦ ಎಂಬ ಗಣಕದಲ್ಲಿ, ಕಡತಗಳ ವಿನ್ಯಾಸವನ್ನು ಚಿತ್ರರೂಪದಲ್ಲಿ ತೋರಿಸುವ ಒಂದು ಪ್ರೋಗ್ರಾಮಿನೊಳಗೆ ತನ್ನ ರಚನೆಯನ್ನು ಅಡಗಿಸಿಟ್ಟನು. ಅದಕ್ಕೆ ವೈರಸ್ ಎಂಬ ಹೆಸರನ್ನು ಸೂಚಿಸಿದವನು ಅವನ ಗುರು ಲೆನ್ ಏಡಲ್‌ಮನ್. ಐದು ಸಲ ಪ್ರಯೋಗ ಮಾಡಲಾಯಿತು. ಐದು ಸಲವೂ ಒಂದು ಗಂಟೆಯೊಳಗಾಗಿ ಇಡೀ ಯಂತ್ರದ ಸರ್ವಾಧಿಕಾರ ವೈರಸ್ಸಿನ ವಶವಾಯಿತು. ಒಂದು ಸಲವಂತೂ ಐದು ನಿಮಿಷವೂ ಹಿಡಿಯಲಿಲ್ಲ. ಫಲಿತಾಂಶವನ್ನು ಕೇಳಿದ ಆಡಳಿತದವರು ತಮ್ಮ ಯಂತ್ರದಲ್ಲಿ ಇಂಥ ಪ್ರಯೋಗಗಳನ್ನು ಇನ್ನು ಮುಂದೆ ಮಾಡಕೂಡದೆಂದು ನಿಷೇಧಿಸಿದರು! ರೋಗವನ್ನು ತೋರಿಸಿದ ವೈದ್ಯನನ್ನೇ ಊರಿನಿಂದ ಹೊರಗಟ್ಟುವ ಈ ಪದ್ಧತಿ ಗಣಕಕ್ಕೆ ಮಾತ್ರ ಸೀಮಿತವಾದುದಲ್ಲ.

ಐದು ವರ್ಷಗಳ ಮೇಲೆ, ೧೯೮೮ರ ನವೆಂಬರ್ ೨ರಂದು, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳು ಅಂತರಜಾಲಕ್ಕೆ ಅಂಟಿಕೊಂಡಿದ್ದ ಸುಮಾರು ೬,೦೦೦ ಯಂತ್ರಗಳನ್ನು ಹೊಕ್ಕಿತೆಂದು ಅಂದಾಜು. ಅವೆಲ್ಲವೂ ಯೂನಿಕ್ಸ್ ಕುಲದ ಯಂತ್ರಗಳೇ. ಅಂಚೆಯನ್ನು ಸಾಗಿಸುವ ಪ್ರೋಗ್ರಾಮಿನ ಒಂದು ಲೋಪ, ಬಳಕೆದಾರರ ವಿವರಗಳನ್ನು ತಿಳಿಸುವ ಪ್ರೋಗ್ರಾಮಿನ ಇನ್ನೊಂದು ಲೋಪ, ಜನರು ಇಟ್ಟುಕೊಂಡಿದ್ದ ದುರ್ಬಲ ಗುಪ್ತಪದಗಳು - ಇಷ್ಟೇ ಅದರ ಆಯುಧಗಳಾಗಿದ್ದುವು. ಆದುದರಿಂದ ಯೂನಿಕ್ಸಿನ ವಂಶಕ್ಕೆ ವೈರಸ್ ನಾಟುವುದಿಲ್ಲವೆಂಬುದು ಸ್ವಭಾವಸಿದ್ಧವಾದ ವರವೇನೂ ಅಲ್ಲ.

ಹಾಗಾದರೆ ಲಿನಕ್ಸಿಗೆ ಈ ಒಳ್ಳೆಯ ಹೆಸರು ಬಂದುದು ಹೇಗೆ?

ಮುಖ್ಯವಾದ ಕಾರಣ ಅಧಿಕಾರದ ವಿಭಜನೆ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನಿಗೂ ರೂಟ್ ಎಂದು ಕರೆಯಲಾಗುವ ಯಜಮಾನನಿಗೂ ನಡುವೆ ಭದ್ರವಾದ ಗೋಡೆಯುಂಟು. ವ್ಯವಸ್ಥೆಯ ಕಡತಗಳೆಲ್ಲ ರೂಟಿನ ಸ್ವತ್ತು. ಸಾಮಾನ್ಯ ಬಳಕೆದಾರ ಅವುಗಳನ್ನು ಓದಬಹುದು, ನಡೆಸಬಹುದು, ತಿದ್ದಲಾರ. ಅವನ ಹೆಸರಿನಲ್ಲಿ ನಡೆಯುವ ಪ್ರೋಗ್ರಾಮಿಗೂ ಅಷ್ಟೇ ಅಧಿಕಾರ. ಆದುದರಿಂದ ವೈರಸ್ಸೊಂದು ಅವನ ಕೈಸೇರಿದರೂ ಹಂಚಿಕೆಯ ಪ್ರೋಗ್ರಾಮುಗಳಿಗೆ ಅಂಟಿಕೊಳ್ಳಲು ಅದಕ್ಕೆ ದಾರಿಯಿಲ್ಲ. ವಿಂಡೋಸ್ ೯೫, ೯೮ ಮುಂತಾದುವುಗಳಲ್ಲಿ ಈ ಗೋಡೆಯೇ ಇರಲಿಲ್ಲ. ಎಕ್ಸ್‌ಪಿಯಲ್ಲಿ ಇದ್ದರೂ ಮನೆಗಳಲ್ಲಿ ಬಹುಮಂದಿ ಯಜಮಾನನಾಗಿಯೇ ದಿನವೆಲ್ಲ ಕೆಲಸ ಮಾಡುತ್ತಿದ್ದರು. ಲಿನಕ್ಸಿಗೆಂದು ಬರೆದ ವೈರಸ್ಸುಗಳ ಪೈಕಿ ಮೊದಲನೆಯದು ೧೯೯೬ರ ಸ್ಟಾಗ್; ಮರುವರ್ಷ ಬ್ಲಿಸ್ ಎಂಬುದು ಬಂದಿತು. ಎರಡೂ ಹರಡಲಾರದೆ ಸತ್ತುವು. ಬ್ಲಿಸ್ಸನ್ನು ಬರೆದವನಂತೂ, ಸೋಂಕನ್ನು ದಯವಿಟ್ಟು ತೆಗೆದುಬಿಡು ಎಂದು ವಿನಯದಿಂದ ಆಜ್ಞೆ ಕೊಟ್ಟರೆ ವೈರಸ್ಸು ತಾನೇ ತನ್ನನ್ನು ಅಳಿಸಿಕೊಳ್ಳುವ ಏರ್ಪಾಡನ್ನೂ ಮಾಡಿದ್ದನು.

ಎರಡನೆಯ ಕಾರಣ ಪ್ರೋಗ್ರಾಮುಗಳನ್ನು ಪಡೆಯುವ ರೀತಿ. ಲಿನಕ್ಸಿನ ಒಂದೊಂದು ವಿತರಣೆಗೂ, ಅಂದರೆ ಡೆಬಿಯನ್, ಉಬುಂಟು, ಫೆಡೋರಾ ಮುಂತಾದವಕ್ಕೆ, ತಮ್ಮದೇ ಆದ ಉಗ್ರಾಣಗಳಿವೆ. ಸಾವಿರಾರು ಪ್ರೋಗ್ರಾಮುಗಳನ್ನು ಸ್ವಯಂಸೇವಕರೂ ಸಂಬಳದ ತಂತ್ರಜ್ಞರೂ ಮೂಲಬರಹದಿಂದ ಸಿದ್ಧಪಡಿಸಿ, ಡಿಜಿಟಲ್ ಮುದ್ರೆಯನ್ನೊತ್ತಿ ಅಲ್ಲಿ ಇಡುವರು. ಬಳಕೆದಾರನ ಗಣಕ ಮುದ್ರೆಯನ್ನು ಪರೀಕ್ಷಿಸಿಯೇ ಸರಕನ್ನು ಒಳಕ್ಕೆ ಬಿಟ್ಟುಕೊಳ್ಳುವುದು. ಊರೂರು ಅಲೆದು ಕಂಡಕಂಡ ಅಂಗಡಿಯಲ್ಲಿ ಮದ್ದು ಕೊಳ್ಳುವವನಿಗೂ ಗೊತ್ತಾದ ವೈದ್ಯನ ಮನೆಯಿಂದ ಮದ್ದು ತರುವವನಿಗೂ ಇರುವ ವ್ಯತ್ಯಾಸ ಇದು. ನನ್ನ ಅಭಿಪ್ರಾಯದಲ್ಲಿ ಲಿನಕ್ಸಿನ ಕ್ಷೇಮಕ್ಕೆ ಮೊದಲು ಹೇಳಿದ ಗೋಡೆಗಿಂತ ಈ ಉಗ್ರಾಣವೇ ಹೆಚ್ಚಿನ ಆಧಾರ.

ಮೂರನೆಯದು ಸಂಖ್ಯೆಯ ಅಲ್ಪತೆ. ಲೋಕದ ಮೇಜುಗಣಕಗಳಲ್ಲಿ ಲಿನಕ್ಸಿನ ಪಾಲು ೨೦೨೪ರಲ್ಲಿಯೂ ಶೇಕಡ ೪ರ ಆಸುಪಾಸು. ಬಲೆ ಬೀಸುವವನು ಮೀನು ಹೆಚ್ಚಾಗಿರುವ ಕಡೆ ಬೀಸುವನಷ್ಟೆ. ಇದು ನಿಜವಾದರೂ ಈ ಕಾರಣವನ್ನು ಬಹಳವಾಗಿ ನಂಬುವಂತಿಲ್ಲ. ಮೇಜಿನಿಂದಾಚೆ ನೋಡಿದರೆ ಲಿನಕ್ಸ್ ಎಲ್ಲೆಲ್ಲೂ ವ್ಯಾಪಿಸಿದೆ. ಜಗತ್ತಿನ ಅತ್ಯಂತ ಬಲಿಷ್ಠವಾದ ೫೦೦ ಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಐನೂರಕ್ಕೆ ಐನೂರೂ ಲಿನಕ್ಸಿನವೇ. ಅಂತರಜಾಲದ ಸರ್ವರುಗಳಲ್ಲಿ ಅದರದೇ ಪ್ರಾಬಲ್ಯ. ಆಂಡ್ರಾಯ್ಡ್ ದೂರವಾಣಿಗಳ ತಿರುಳೂ ಅದೇ. ಅಲ್ಲೆಲ್ಲ ಕುತಂತ್ರಾಂಶದ ಹಾವಳಿ ಕಡಿಮೆಯೇನಿಲ್ಲ. ೨೦೧೬ರಲ್ಲಿ ಮಿರಾಯ್ ಎಂಬುದು ಲಿನಕ್ಸ್ ಹುದುಗಿದ್ದ ಕಾವಲು ಕ್ಯಾಮೆರಾಗಳನ್ನೂ ರೂಟರುಗಳನ್ನೂ, ತಯಾರಕರು ಇಟ್ಟಿದ್ದ ಗುಪ್ತಪದಗಳನ್ನೇ ಬಳಸಿ ವಶಪಡಿಸಿಕೊಂಡಿತು. ೨೦೧೭ರ ಜೂನಿನಲ್ಲಿ ದಕ್ಷಿಣ ಕೊರಿಯದ ನಯಾನಾ ಎಂಬ ಸಂಸ್ಥೆಯ ೧೫೩ ಲಿನಕ್ಸ್ ಸರ್ವರುಗಳ ಕಡತಗಳನ್ನು ಎರೆಬಸ್ ಎಂಬ ಕುತಂತ್ರಾಂಶ ಬೀಗಹಾಕಿಟ್ಟಿತು. ಬೀಗ ತೆಗೆಯಿಸಿಕೊಳ್ಳಲು ಸಂಸ್ಥೆ ಸುಮಾರು ಹತ್ತು ಲಕ್ಷ ಡಾಲರುಗಳನ್ನು ತೆರಲು ಒಪ್ಪಬೇಕಾಯಿತು. ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮು ಮೇಜಿನ ಮೇಲೆ ನಡೆಯದಿರಲು ಕಾರಣವಿಲ್ಲ. ಎರಡರ ತಿರುಳೂ ಒಂದೇ.

ಈಗ ಅಧಿಕಾರದ ಗೋಡೆಗೆ ಹಿಂದಿರುಗೋಣ. ಅದು ಕಾಯುವುದು ಏನನ್ನು? ವ್ಯವಸ್ಥೆಯನ್ನು. ಹಲವು ಮಂದಿ ಒಂದೇ ಯಂತ್ರವನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಒಬ್ಬನ ತಪ್ಪಿನಿಂದ ಉಳಿದವರಿಗೆ ಕೇಡಾಗದಿರಲೆಂದು ಅದನ್ನು ಕಟ್ಟಿದರು. ಇಂದು ಮನೆಯ ಗಣಕಕ್ಕೆ ಒಬ್ಬನೇ ಒಡೆಯ. ಅವನ ಪತ್ರಗಳು, ಚಿತ್ರಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳು, ದೂರದ ಯಂತ್ರಗಳನ್ನು ತೆರೆಯುವ ಕೀಲಿಗಳು ಇವೆಲ್ಲ ಇರುವುದು ಅವನ ಸ್ವಂತ ಕಡತಕೋಶದಲ್ಲಿ. ಅದನ್ನು ಓದಲು ರೂಟಿನ ಅಪ್ಪಣೆ ಬೇಕಿಲ್ಲ. ಮನೆಯ ತಳಪಾಯವನ್ನು ಕಳ್ಳನು ಅಲ್ಲಾಡಿಸಲಾರನೆಂಬುದು ಸಮಾಧಾನದ ವಿಷಯವೇ. ಆದರೆ ಕಳ್ಳನು ಬಂದದ್ದು ತಳಪಾಯಕ್ಕಲ್ಲ, ಪೆಟ್ಟಿಗೆಯಲ್ಲಿರುವ ಒಡವೆಗೆ. ವ್ಯವಸ್ಥೆ ಕೆಟ್ಟರೆ ಒಂದು ಗಂಟೆಯಲ್ಲಿ ಮರಳಿ ಸ್ಥಾಪಿಸಬಹುದು. ಕಡತಗಳು ಹೋದರೆ ಹೋದುವೇ.

ಇನ್ನೂ ಒಂದು ಸಂಗತಿಯನ್ನು ಬಹುಮಂದಿ ಅರಿಯರು. ಲಿನಕ್ಸಿನ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಕೆಲಸವನ್ನು ದಶಕಗಳ ಕಾಲ ಮಾಡಿಕೊಂಡು ಬಂದದ್ದು ಎಕ್ಸ್ ಎಂಬ ವ್ಯವಸ್ಥೆ. ಅದು ೧೯೮೪ರಲ್ಲಿ ಎಂಐಟಿಯಲ್ಲಿ ಹುಟ್ಟಿತು. ಪರಸ್ಪರ ನಂಬಿಕೆಯ ಆ ಕಾಲದ ರೂಢಿಯಂತೆ, ಒಂದು ಕಿಟಕಿಯ ಪ್ರೋಗ್ರಾಮು ಇನ್ನೊಂದು ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಕೇಳಿಸಿಕೊಳ್ಳುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಅಂದಮೇಲೆ ಒಂದು ಆಟದ ಪ್ರೋಗ್ರಾಮು, ನೀವು ಪಕ್ಕದ ಕಿಟಕಿಯಲ್ಲಿ ಟೈಪು ಮಾಡುವ ರೂಟಿನ ಗುಪ್ತಪದವನ್ನು ಹೊಂಚಿ ಹಿಡಿಯಬಹುದು. ಹಿಡಿದ ಮೇಲೆ ಗೋಡೆಯ ಬಾಗಿಲು ತೆರೆದಂತೆಯೇ. ಈ ದೋಷವನ್ನು ನಿವಾರಿಸುವ ವೇಲ್ಯಾಂಡ್ ಎಂಬ ಹೊಸ ಪದ್ಧತಿಯನ್ನು ಫೆಡೋರಾ ೨೦೧೬ರಿಂದ ರೂಢಿಯಾಗಿ ಅಳವಡಿಸಿಕೊಂಡಿತು. ಉಬುಂಟು ೨೦೨೧ರಲ್ಲಿ ಅದಕ್ಕೆ ನೆಲೆಯಾಗಿ ಬಂದಿತು. ಗೋಡೆಯಲ್ಲಿ ನೇರವಾದ ಬಿರುಕುಗಳೂ ಆಗಾಗ ಕಾಣಿಸಿಕೊಂಡಿವೆ. ೨೦೧೬ರಲ್ಲಿ ಬಯಲಾದ ಡರ್ಟಿ ಕೌ ಎಂಬ ಲೋಪ ೨೦೦೭ರಿಂದಲೂ ಲಿನಕ್ಸಿನ ತಿರುಳಿನಲ್ಲಿ ಅಡಗಿತ್ತು. ೨೦೨೨ರ ಜನವರಿಯಲ್ಲಿ ಬಯಲಾದ ಪೌನ್‌ಕಿಟ್ ಎಂಬುದು ೨೦೦೯ರಿಂದ. ಎರಡೂ ಸಾಮಾನ್ಯ ಬಳಕೆದಾರನನ್ನು ಕ್ಷಣಾರ್ಧದಲ್ಲಿ ಯಜಮಾನನನ್ನಾಗಿ ಮಾಡಬಲ್ಲವಾಗಿದ್ದುವು.

ಇಷ್ಟು ತತ್ತ್ವವಾಯಿತು. ಮೇಜುಗಣಕದ ಬಳಕೆದಾರರು ನಿಜವಾಗಿ ಪೆಟ್ಟು ತಿಂದುದು ಉಂಟೋ? ಉಂಟು. ೨೦೦೯ರ ಡಿಸೆಂಬರಿನಲ್ಲಿ ಪರದೆಗೆ ಜಲಪಾತದ ಅಲಂಕಾರವೆಂದು ಹೇಳಿಕೊಂಡ ಒಂದು ಪೊಟ್ಟಣದಲ್ಲಿ ಕುತಂತ್ರಾಂಶವಿತ್ತು. ೨೦೧೬ರ ಫೆಬ್ರವರಿ ೨೦ರಂದು ಲಿನಕ್ಸ್ ಮಿಂಟ್ ಎಂಬ ಜನಪ್ರಿಯ ವಿತರಣೆಯ ಜಾಲತಾಣಕ್ಕೆ ನುಗ್ಗಿದವರು, ಅದರ ೧೭.೩ನೆಯ ಆವೃತ್ತಿಯ ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲಿಟ್ಟ ತಮ್ಮ ಪ್ರತಿಯನ್ನು ಜನರಿಗೆ ಹಂಚಿದರು. ಇಲ್ಲಿ ಕೆಟ್ಟದ್ದು ಒಂದು ಪ್ರೋಗ್ರಾಮಲ್ಲ, ಇಡೀ ಕಾರ್ಯಾಚರಣ ವ್ಯವಸ್ಥೆಯೇ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬೋಧಪ್ರದವೆಂದು ತೋರುವುದು ೨೦೨೩ರ ಸೆಪ್ಟೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ಹೊರಗೆಡಹಿದ ಪ್ರಕರಣ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬ ಹೆಸರುವಾಸಿಯಾದ ಪ್ರೋಗ್ರಾಮಿನ ಅಧಿಕೃತ ತಾಣಕ್ಕೆ ಹೋದ ಲಿನಕ್ಸ್ ಬಳಕೆದಾರರಲ್ಲಿ ಕೆಲವರನ್ನು, ಎಲ್ಲರನ್ನಲ್ಲ, ಇನ್ನೊಂದು ತಾಣಕ್ಕೆ ತಿರುಗಿಸಿ ವಿಷಬೆರೆಸಿದ ಪೊಟ್ಟಣವನ್ನು ಕೊಡಲಾಗುತ್ತಿತ್ತು. ೨೦೨೦ರಿಂದ ೨೦೨೨ರ ವರೆಗೆ ಇದು ನಡೆಯಿತು. ಪೊಟ್ಟಣವನ್ನು ಸ್ಥಾಪಿಸುವಾಗ ಬಳಕೆದಾರನೇ ತನ್ನ ಗುಪ್ತಪದವನ್ನು ಕೊಡುವನಲ್ಲವೆ? ಆ ಕ್ಷಣದಲ್ಲಿ ಪೊಟ್ಟಣದೊಳಗಿನ ಸೂಚನೆಗಳೆಲ್ಲ ರೂಟಿನ ಅಧಿಕಾರದಿಂದ ನಡೆಯುವುವು. ಗೋಡೆಗೆ ಕನ್ನ ಕೊರೆಯುವ ಶ್ರಮವೇ ಇಲ್ಲ, ಯಜಮಾನನೇ ಬಾಗಿಲು ತೆರೆದು ಒಳಗೆ ಕರೆದಂತಾಯಿತು. ಬಳಿಕ ಆ ಕುತಂತ್ರಾಂಶ ಬ್ರೌಸರಿನ ಚರಿತ್ರೆ, ಉಳಿಸಿಟ್ಟ ಗುಪ್ತಪದಗಳು, ಕ್ರಿಪ್ಟೋ ನಾಣ್ಯದ ಚೀಲಗಳು ಇವನ್ನೆಲ್ಲ ಕೂಡಿಸಿ ಹೊರಕ್ಕೆ ಸಾಗಿಸುತ್ತಿತ್ತು. ವಿಚಿತ್ರವೆಂದರೆ, ಪೆಟ್ಟು ತಿಂದವರಲ್ಲಿ ಕೆಲವರು ತಮ್ಮ ಯಂತ್ರದಲ್ಲಿ ಕಂಡ ಹೊಸ ಕಡತಗಳೇಕೆ ತೊಂದರೆ ಕೊಡುತ್ತಿವೆಯೆಂದು ಬಹಿರಂಗವಾಗಿ ಕೇಳಿದ್ದರು. ಬಲ್ಲವರು ಉತ್ತರವನ್ನೂ ಹೇಳಿದ್ದರು. ಇದು ಕುತಂತ್ರಾಂಶವಿರಬಹುದೆಂಬುದು ಮಾತ್ರ ಹೊಳೆಯಲಿಲ್ಲ. ಲಿನಕ್ಸಿಗೆ ವೈರಸ್ ಬಾರದೆಂಬ ನಂಬಿಕೆ ಇಲ್ಲಿ ಕಳ್ಳನಿಗೆ ಕಂಬಳಿಯಾಗಿ ಒದಗಿತೆಂದರೆ ತಪ್ಪಾಗಲಾರದು.

ನಮ್ಮ ದೇಶಕ್ಕೂ ಈ ವಿಷಯ ಹೊರಗಿನದಲ್ಲ. ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ, ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ ಬಾಸ್ ಲಿನಕ್ಸ್ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಪಾಕಿಸ್ತಾನದ ನೆಲೆಯದೆಂದು ಪರಿಣತರು ಹೇಳುವ ಟ್ರಾನ್ಸ್‌ಪರೆಂಟ್ ಟ್ರೈಬ್ ಎಂಬ ಗುಂಪು ಈ ಬಾಸ್ ಲಿನಕ್ಸಿನ ಬಳಕೆದಾರರನ್ನೇ ಗುರಿಯಾಗಿಸಿಕೊಂಡಿರುವುದು ೨೦೨೫ರ ಆಗಸ್ಟಿನಲ್ಲಿ ಪ್ರಕಟವಾಯಿತು. ಉಪಾಯ ಸರಳ. ಲಿನಕ್ಸಿನಲ್ಲಿ ಮೇಜಿನ ಮೇಲಣ ಚಿತ್ರಿಕೆಗಳಿಗೆ ಆಧಾರವಾಗಿ ಡೆಸ್ಕ್‌ಟಾಪ್ ಎಂಬ ಕೊನೆಹೆಸರಿನ ಪುಟ್ಟ ಕಡತಗಳಿರುವುವು. ಚಿತ್ರಿಕೆಯನ್ನು ಒತ್ತಿದಾಗ ಯಾವ ಆಜ್ಞೆ ನಡೆಯಬೇಕೆಂಬುದನ್ನು ಅವು ಹೇಳುವುವು. ಅಂಥದೊಂದಕ್ಕೆ ಪಿಡಿಎಫ್ ದಾಖಲೆಯ ವೇಷ ತೊಡಿಸಿ, ಸಭೆಯ ತಿಳಿವಳಿಕೆ ಪತ್ರವೆಂಬಂತೆ ಅಂಚೆಯಲ್ಲಿ ಕಳುಹಿಸುವರು. ಒತ್ತಿದವನಿಗೆ ದಾಖಲೆಯೊಂದು ನಿಜವಾಗಿಯೂ ತೆರೆದುಕೊಳ್ಳುವುದು. ಹಿಂದುಗಡೆ ಕುತಂತ್ರಾಂಶ ಇಳಿದು ನೆಲೆಸುವುದು. ಇದರಲ್ಲಿ ಲಿನಕ್ಸಿನ ಯಾವ ಲೋಪವೂ ಇಲ್ಲ.

ಆಕ್ಷೇಪವೊಂದನ್ನು ಇಲ್ಲಿ ಎತ್ತಬಹುದು: ಮುಕ್ತ ತಂತ್ರಾಂಶದ ಮೂಲಬರಹ ಎಲ್ಲರ ಕಣ್ಣಮುಂದೆಯೇ ಇರುವುದಲ್ಲ, ಅದರಲ್ಲಿ ವಿಷವನ್ನು ಬೆರೆಸುವುದು ಹೇಗೆ ಸಾಧ್ಯ? ನೋಡುವ ಕಣ್ಣುಗಳು ಸಾಕಷ್ಟಿದ್ದರೆ ದೋಷಗಳು ಅಡಗಿರಲಾರವು ಎಂಬ ವಾದ ಎರಿಕ್ ರೇಮಂಡನ ಬರಹಗಳಿಂದ ಪ್ರಸಿದ್ಧವಾಗಿದೆ. ಆದರೆ ನೋಡಲು ಅವಕಾಶವಿರುವುದು ಬೇರೆ, ಯಾರಾದರೂ ನೋಡುತ್ತಿರುವುದು ಬೇರೆ. ೨೦೧೪ರಲ್ಲಿ ಪತ್ತೆಯಾದ ಶೆಲ್‌ಶಾಕ್ ಎಂಬ ದೋಷ ೧೯೮೯ರಿಂದ, ಅಂದರೆ ಕಾಲು ಶತಮಾನ, ಎಲ್ಲರ ಕಣ್ಣಮುಂದೆಯೇ ಇತ್ತು.

ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವೂ ನಡೆದಿದೆ. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಒತ್ತಿ ಕಿರಿದಾಗಿಸುವ ಒಂದು ಸಣ್ಣ ಪ್ರೋಗ್ರಾಮು. ಲಿನಕ್ಸಿನ ಬಹುತೇಕ ಎಲ್ಲ ವಿತರಣೆಗಳಲ್ಲಿಯೂ ಇರುವಂಥದು. ಅದನ್ನು ವರ್ಷಗಳ ಕಾಲ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದವನು ಲಾಸ್ಸೆ ಕೊಲಿನ್ ಎಂಬ ಒಬ್ಬನೇ. ೨೦೨೧ರಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ಒಬ್ಬನು, ಅಥವಾ ಒಂದು ಗುಂಪು, ಸಹಾಯಕನಾಗಿ ಬಂದಿತು. ತಿದ್ದುಪಡಿಗಳೆಲ್ಲ ಒಳ್ಳೆಯವೇ. ೨೦೨೨ರಲ್ಲಿ, ಕೆಲಸ ನಿಧಾನವಾಗುತ್ತಿದೆಯೆಂದೂ ಹೊಸಬನಿಗೆ ಅಧಿಕಾರ ಕೊಡಬೇಕೆಂದೂ ಅಪರಿಚಿತ ಹೆಸರುಗಳಿಂದ ಕೊಲಿನ್‌ಗೆ ಒತ್ತಾಯದ ಪತ್ರಗಳು ಬಂದುವು. ದಣಿದಿದ್ದ ಮನುಷ್ಯ ಅಧಿಕಾರವನ್ನು ಹಂಚಿಕೊಂಡನು. ೨೦೨೪ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೊರಬಂದ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತ್ತು. ಅದನ್ನು ಓದಬಲ್ಲ ಮೂಲಬರಹದಲ್ಲಿ ಇಟ್ಟಿರಲಿಲ್ಲ. ಪರೀಕ್ಷೆಗೆಂದು ಇಟ್ಟಿದ್ದ ಕೆಟ್ಟ ಕಡತಗಳೆಂಬ ನೆವದಲ್ಲಿ ಬೈನರಿ ರೂಪದಲ್ಲಿ ಹುದುಗಿಸಿ, ಅದನ್ನು ಬಿಚ್ಚಿ ಸೇರಿಸುವ ಸೂಚನೆಯನ್ನು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇಟ್ಟಿದ್ದರು. ಕೆಲವು ವಿತರಣೆಗಳಲ್ಲಿ, ದೂರದಿಂದ ಯಂತ್ರವನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆ ಈ ಪ್ರೋಗ್ರಾಮಿನ ಭಾಗವನ್ನು ಪರೋಕ್ಷವಾಗಿ ಒಳಗೆಳೆದುಕೊಳ್ಳುತ್ತದೆ. ಗುರಿ ಇದ್ದುದು ಅಲ್ಲಿಗೆ.

ಇದು ಬಯಲಾದುದು ಸಾವಿರ ಕಣ್ಣುಗಳಿಂದಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಬೇರಾವುದೋ ವೇಗಪರೀಕ್ಷೆಯನ್ನು ಮಾಡುತ್ತಿದ್ದಾಗ, ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಕಂಡನು. ಅರ್ಧ ಸೆಕೆಂಡಿಗಾಗಿ ತಲೆಕೆಡಿಸಿಕೊಳ್ಳುವವರು ಎಷ್ಟು ಮಂದಿ! ಅವನು ಕೆಡಿಸಿಕೊಂಡನು, ೨೦೨೪ರ ಮಾರ್ಚ್ ೨೯ರಂದು ಲೋಕಕ್ಕೆ ಸಾರಿದನು. ಡೆಬಿಯನ್ನಿನ ಪ್ರಾಯೋಗಿಕ ಶಾಖೆ, ಫೆಡೋರಾದ ಪೂರ್ವಾವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್ ಮುಂತಾದುವುಗಳಿಗೆ ವಿಷ ತಲುಪಿತ್ತು. ಸ್ಥಿರ ಆವೃತ್ತಿಗಳಿಗೆ ತಲುಪುವ ಮುನ್ನ ತಡೆಯಲಾಯಿತು. ಫ್ರಾಯಿಂಡ್ ಆಗ ಕೆಲಸದಲ್ಲಿದ್ದುದು ವಿಂಡೋಸಿನ ತಯಾರಕರಾದ ಮೈಕ್ರೋಸಾಫ್ಟಿನಲ್ಲಿ ಎಂಬುದನ್ನು ಲಿನಕ್ಸ್ ಅಭಿಮಾನಿಗಳು ಸಂತೋಷದಿಂದ ನೆನೆಯಬೇಕು. ಮೂಲಬರಹ ಮುಕ್ತವಾಗಿದ್ದುದರಿಂದಲೇ ಸಂಶಯ ಬಂದ ಮೇಲೆ ಅವನು ಬುಡದವರೆಗೆ ಅಗೆದು ನೋಡಲು ಸಾಧ್ಯವಾಯಿತೆಂಬುದೂ ನ್ಯಾಯವಾದ ಮಾತು.

ಹಾಗಾದರೆ ಸಾಮಾನ್ಯ ಬಳಕೆದಾರ ಏನು ಮಾಡಬೇಕು? ವೈರಸ್ ನಿವಾರಕವನ್ನು ಕೊಳ್ಳಬೇಕೆಂದು ನಾನು ಹೇಳಲಾರೆ. ಲಿನಕ್ಸಿನಲ್ಲಿ ಉಚಿತವಾಗಿ ದೊರೆಯುವ ಕ್ಲಾಮ್‌ಎವಿ ಹೆಚ್ಚಾಗಿ ಬಳಕೆಯಾಗುವುದು ಅಂಚೆಯ ಸರ್ವರುಗಳಲ್ಲಿ, ವಿಂಡೋಸಿಗೆ ಹೋಗಲಿರುವ ಸೋಂಕನ್ನು ದಾರಿಯಲ್ಲಿ ತಡೆಯಲು. ಮೇಲೆ ಹೇಳಿದ ಪ್ರಕರಣಗಳಲ್ಲಿ ಅದರ ನೆರವು ಅಲ್ಪ. ವಿತರಣೆಯ ಉಗ್ರಾಣದಲ್ಲಿ ಪ್ರೋಗ್ರಾಮು ಇರುವಾಗ ಹೊರಗಿನಿಂದ ಪೊಟ್ಟಣ ತರಬೇಡಿ. ಬಳಕೆದಾರರೇ ತುಂಬುವ ಉಗ್ರಾಣಗಳೂ ಇವೆ. ಅವು ಮುಖ್ಯ ಉಗ್ರಾಣದಷ್ಟು ನೆಚ್ಚಿಕೆಯವಲ್ಲ. ಆರ್ಚ್ ಲಿನಕ್ಸಿನ ಅಂಥ ಉಗ್ರಾಣದಲ್ಲಿ ೨೦೨೫ರ ಜುಲೈಯಲ್ಲಿ ಬ್ರೌಸರುಗಳ ಹೆಸರಿನ ಪೊಟ್ಟಣಗಳೊಳಗೆ ದೂರನಿಯಂತ್ರಕ ಟ್ರೋಜನ್ ಸಿಕ್ಕಿತು. ಯಾರೋ ಬರೆದಿಟ್ಟ ಆಜ್ಞೆಯನ್ನು ಅರ್ಥವಾಗದೆ ನಕಲು ಮಾಡಿ ರೂಟಿನ ಹೆಸರಿನಲ್ಲಿ ನಡೆಸುವ ಅಭ್ಯಾಸವಂತೂ ಕೂಡದು. ತಿದ್ದುಪಡಿಗಳು ಬಂದೊಡನೆ ಹಾಕಿಕೊಳ್ಳುವುದು ಅವಶ್ಯ. ಡರ್ಟಿ ಕೌ, ಪೌನ್‌ಕಿಟ್‌ಗಳಿಗೆ ಮದ್ದು ಬಂದುದು ಆ ಮೂಲಕವೇ.

ಹೊಸ ವಿತರಣೆಯನ್ನು ತಂದಾಗ ಅದರ ಮುದ್ರೆಯನ್ನು ಪರೀಕ್ಷಿಸುವ ಕ್ರಮವನ್ನು ಕಲಿತುಕೊಂಡರೆ ಒಳ್ಳೆಯದು. ಕಡತದ ಮೊತ್ತಸಂಖ್ಯೆಯನ್ನು ಮಾತ್ರ ಹೋಲಿಸಿದರೆ ಪೂರ್ಣ ಭರವಸೆಯಿಲ್ಲ, ಏಕೆಂದರೆ ಕಡತವನ್ನು ಬದಲಿಸಬಲ್ಲವನು ಅದೇ ತಾಣದಲ್ಲಿರುವ ಸಂಖ್ಯೆಯನ್ನೂ ಬದಲಿಸಬಲ್ಲನು. ತಯಾರಕರ ಡಿಜಿಟಲ್ ಸಹಿಯನ್ನು ಅವನು ಸೃಷ್ಟಿಸಲಾರ. ಕೊನೆಯದಾಗಿ, ಮುಖ್ಯ ಕಡತಗಳ ಒಂದು ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ, ಮತ್ತು ನಕಲು ಮುಗಿದೊಡನೆ ಆ ಡಿಸ್ಕನ್ನು ಗಣಕದಿಂದ ಬಿಡಿಸಿ ಇಡಿರಿ. ಗಣಕಕ್ಕೆ ಸಿಕ್ಕಿಸಿಯೇ ಇಟ್ಟ ಪ್ರತಿಯನ್ನು, ಬೀಗ ಹಾಕಲು ಬಂದ ಕುತಂತ್ರಾಂಶ ಮೂಲದೊಂದಿಗೆ ಅದನ್ನೂ ಸೇರಿಸಿಯೇ ಬೀಗ ಹಾಕುವುದು.